ಕಜಕಿಸ್ತಾನದ ಆ ವಿಡಿಯೋ ಇನ್ನು ಸಾಕು

ಎಲ್ಲರಿಗೂ ನಮಸ್ಕಾರ. ಕಜಕಿಸ್ತಾನವನ್ನು ಹಿಂದುಳಿದ ದೇಶ ಅಂತ ಗೇಲಿ ಮಾಡಿ ತೋರಿಸುವ ‘ಬೋರಾಟ್’ ಸಿನಿಮಾದ ತುಣುಕುಗಳನ್ನು ಗ್ರೂಪಿಗೆ ಹಾಕಿ, ಮೆಡಿಕಲ್ ಓದಲು ಮಕ್ಕಳನ್ನು ಇಂಥ ದೇಶಕ್ಕಾ ಕಳಿಸುವುದು ಅಂತ ಹೆದರಿಸುವುದನ್ನು ದಯವಿಟ್ಟು ನಿಲ್ಲಿಸಿ. 2006ರ ಆ ಸಿನಿಮಾದಲ್ಲಿ ಕಾಣುವ ಹಳ್ಳಿ ಕಜಕಿಸ್ತಾನದ್ದೇ ಅಲ್ಲ, ರೊಮೇನಿಯಾದ ಗ್ಲೋಡ್ ಎಂಬ ಊರು. ನಾಯಕ ಬ್ರಿಟಿಷ್ ಹಾಸ್ಯನಟ. ನಗಿಸಲು ಮಾಡಿದ್ದು, ಸರಿ. ಆದರೆ ಆ ದೇಶದ ಬಗ್ಗೆ ಬೇರೇನೂ ಗೊತ್ತಿಲ್ಲದವರಿಗೆ ಅದೇ ನಿಜ ಆಗಿಬಿಡುತ್ತದೆ. ನಮ್ಮನ್ನೂ ಹೊರಗಿನವರು ಹಾವಾಡಿಗರ ದೇಶ ಅಂತ ಎಷ್ಟು ಕಾಲ ತೋರಿಸಿದರು, ಅಲ್ವಾ?

ವಿಸ್ತೀರ್ಣದಲ್ಲಿ ಕಜಕಿಸ್ತಾನ ಜಗತ್ತಿನ 9ನೇ ದೊಡ್ಡ ದೇಶ, ಯುರೇನಿಯಂ ತೆಗೆಯುವುದರಲ್ಲಿ ಮೊದಲನೆಯದು. ನಮ್ಮ ರಾಕೇಶ್ ಶರ್ಮಾ 1984ರಲ್ಲಿ ಬಾಹ್ಯಾಕಾಶಕ್ಕೆ ಹಾರಿದ್ದು ಅಲ್ಲಿನ ಬೈಕನೂರು ರಾಕೆಟ್ ಉಡಾವಣಾ ಕೇಂದ್ರದಿಂದಲೇ (ಆಗ ಅದು ಸೋವಿಯತ್ ಒಕ್ಕೂಟ). ನಾವು ತಿನ್ನುವ ಸೇಬಿನ ಮೂಲವೂ ಆ ಕಡೆಯ ಬೆಟ್ಟಗಳ ಕಾಡುಸೇಬು.

ಭಯ ಇದ್ದರೆ ಕೇಳಬೇಕಾದ್ದೇ ಬೇರೆ: ಕೋರ್ಸ್ ನಮ್ಮ ದೇಶದ ನಿಯಮ ಕೇಳುವ 54 ತಿಂಗಳಿಗೆ ಕಡಿಮೆ ಇಲ್ಲ ತಾನೇ? ಪಾಠ ಇಂಗ್ಲಿಷಿನಲ್ಲಾ? ವಾಪಸ್ ಬಂದು, ಇಲ್ಲಿ ಡಾಕ್ಟರಾಗಿ ಕೆಲಸ ಮಾಡಲು ಬೇಕಾದ ಪರೀಕ್ಷೆ ಪಾಸಾದವರು ಎಷ್ಟು ಜನ?

ಕಜಕಿಸ್ತಾನದ ಅಲ್ಮಾಟಿ ನಗರದಲ್ಲಿ ಓದಿ ಬಂದ ತುಮಕೂರಿನ ಹುಡುಗರು ಭಾನುವಾರ ಸಂಜೆ 5ಕ್ಕೆ ಅಮಾನಿಕೆರೆ ಪಾರ್ಕಿನಲ್ಲಿ ಸಿಗುತ್ತಾರೆ. ಹಾಸ್ಟೆಲ್, ಊಟ, ಅಲ್ಲಿನ ಚಳಿ, ಎಲ್ಲ ಅವರನ್ನೇ ಕೇಳಿ. ಮಕ್ಕಳನ್ನೂ ಕರೆತನ್ನಿ.