ಕ್ಲಚ್ ಸೆಟ್, ಫ್ಲೈವೀಲ್ ವಿಷ್ಯದಲ್ಲಿ ನಮ್ಮ ಗ್ಯಾರೇಜಿನ ಹೊಸ ಪದ್ಧತಿ

ಎಲ್ರಿಗೂ ನಮಸ್ಕಾರ. ಆಟೋಮ್ಯಾಟಿಕ್ ಗಾಡೀನ ಮ್ಯಾನುಯಲ್ ಮಾಡಿಸ್ಕೊಳ್ಳೋಣ ಅಂತ ವಿಚಾರಿಸ್ತಿರೋರಿಗೆ, ನಮ್ಮ ಹತ್ರ ಈಗಾಗ್ಲೇ ಮಾಡಿಸ್ಕೊಂಡು ಓಡಿಸ್ತಿರೋರಿಗೆ, ಇಬ್ರಿಗೂ ಈ ಪತ್ರ. ಮುಂದಿನ ತಿಂಗಳು ಒಂದನೇ ತಾರೀಖಿಂದ ಫೋನಲ್ಲಿ ಒಂದು ರೇಟು ಹೇಳಿ ಕೆಲಸ ಒಪ್ಕೊಳ್ಳೋದನ್ನ ನಿಲ್ಲಿಸ್ತಿದೀವಿ. ಮೊದ್ಲು ಗೇರ್‌ಬಾಕ್ಸ್ ಇಳಿಸ್ತೀವಿ, ಅಳತೆ ತಗೋತೀವಿ, ಪಾರ್ಟ್ಸ್ ಲಿಸ್ಟು ಮತ್ತು ರೇಟು ಆಮೇಲೆ. ಗುಜರಿಯಿಂದ ಬಂದ ಕ್ಲಚ್ ಪ್ಲೇಟು (ಎಂಜಿನ್ ಬಲವನ್ನ ಗೇರ್‌ಬಾಕ್ಸಿಗೆ ಕೊಡೋ ತಟ್ಟೆ), ಪ್ರೆಶರ್ ಪ್ಲೇಟು (ಅದನ್ನ ಒತ್ತಿ ಹಿಡಿಯೋದು), ರಿಲೀಸ್ ಬೇರಿಂಗು (ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸೋದು) ಇನ್ಮೇಲೆ ನಾವು ಹಾಕಲ್ಲ, ಮೂರೂ ಹೊಸದು, ಮೂರೂ ಒಂದೇ ಸೆಟ್ಟಿಂದು. ಫ್ಲೈವೀಲ್, ಅಂದ್ರೆ ಎಂಜಿನ್ ಹಿಂದೆ ತಿರುಗೋ ಭಾರದ ಚಕ್ರ, ಅದರ ಬೋಲ್ಟುಗಳು ಪ್ರತಿ ಸಲ ಹೊಸವೇ. ಇದ್ರಿಂದ ಖರ್ಚು ಜಾಸ್ತಿ ಆಗುತ್ತೆ, ಗಾಡಿ ಎರಡು ದಿನ ಹೆಚ್ಚು ನಮ್ಮಲ್ಲಿ ನಿಲ್ಲುತ್ತೆ, ಅದನ್ನ ಮೊದ್ಲೇ ಹೇಳ್ಬಿಡೋದು ಒಳ್ಳೇದು.

ಕಾರಣ ನಮ್ಮ ತಪ್ಪೇ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಗ್ರಾಹಕರೊಬ್ರು, ನಾವೇ ಕನ್ವರ್ಟ್ ಮಾಡಿಕೊಟ್ಟಿದ್ದ ಕಾರನ್ನ ವಾಪಸ್ ತಂದ್ರು, ಗಾಡಿ ನಿಂತಲ್ಲೇ ಸ್ಟಾರ್ಟ್‌ನಲ್ಲಿದ್ದಾಗ ಕೆಳಗಿಂದ ಟಕ್ ಟಕ್ ಅಂತ ಸದ್ದು ಬರ್ತಿದೆ ಅಂದ್ರು, ನಾವು ಬೇರಿಂಗ್ ಇರ್ಬೇಕು ಅಂದ್ಕೊಂಡು ಗೇರ್‌ಬಾಕ್ಸ್ ಇಳಿಸಿದ್ರೆ ಫ್ಲೈವೀಲ್ ಕೈಯಲ್ಲೇ ಅಲ್ಲಾಡ್ತಿತ್ತು. ಎರಡು ಬೋಲ್ಟು ಸಡಿಲ, ಒಂದರ ತುದಿಯ ಥ್ರೆಡ್ಡು ಸವೆದು ಕಪ್ಪು ಪುಡಿ ಆಗಿತ್ತು. ಆ ಬೋಲ್ಟುಗಳನ್ನ ಬೆಂಚಿನ ಮೇಲೆ ಸಾಲಾಗಿ ಇಟ್ಟು ನೋಡಿದಾಗ ಗೊತ್ತಾಯ್ತು, ಅವು ಆಟೋಮ್ಯಾಟಿಕ್‌ನ ಹಳೇ ಬೋಲ್ಟುಗಳು. ಆಟೋಮ್ಯಾಟಿಕ್ ಗಾಡಿಯಲ್ಲಿ ಕ್ರ್ಯಾಂಕ್ (ಎಂಜಿನ್ನಿನ ತಿರುಗೋ ಮುಖ್ಯ ಶಾಫ್ಟು) ಹಿಂದೆ ಫ್ಲೈವೀಲ್ ಬದಲು ಫ್ಲೆಕ್ಸ್ ಪ್ಲೇಟ್ ಅಂತ ಒಂದು ತೆಳು ತಗಡು ಇರುತ್ತೆ, ದೋಸೆ ಹಂಚಿಗಿಂತ ತೆಳು. ಅದಕ್ಕೆ ಗಿಡ್ಡ ಬೋಲ್ಟು ಸಾಕು. ಫ್ಲೈವೀಲ್ ಎಷ್ಟೋ ಪಟ್ಟು ದಪ್ಪ, ಅದೇ ಬೋಲ್ಟನ್ನ ಅದಕ್ಕೆ ಹಾಕಿದ್ರೆ ಕ್ರ್ಯಾಂಕಿನ ಒಳಗೆ ನಾಲ್ಕೈದು ಸುತ್ತು ಥ್ರೆಡ್ ಮಾತ್ರ ಹಿಡಿಯುತ್ತೆ. ಗುಜರಿ ಚೀಲದಲ್ಲಿ ಸರಿಯಾದ ಬೋಲ್ಟು ಇರ್ಲಿಲ್ಲ, ಶನಿವಾರ ಸಂಜೆ ಡೆಲಿವರಿ ಕೊಡ್ಬೇಕಿತ್ತು, ಕೈಗೆ ಸಿಕ್ಕಿದ್ದನ್ನ ಬಿಗಿದಿದ್ವಿ. ಆ ಗಾಡಿ ಅದೇ ಸ್ಥಿತೀಲಿ ಶಿರಾಡಿ ಘಾಟಿ ಇಳಿದು ಹತ್ತಿ ಬಂದಿದೆ, ಒಳಗೆ ಅವ್ರ ಮನೆಯವರೂ ಮಕ್ಕಳೂ ಇದ್ರಂತೆ. ತಿರುಗ್ತಿರೋ ಫ್ಲೈವೀಲ್ ಕಳಚಿಕೊಂಡ್ರೆ ಬೆಲ್ ಹೌಸಿಂಗ್ (ಕ್ಲಚ್ ಸುತ್ತ ಇರೋ ಹೊದಿಕೆ) ಒಡೆದು ಆಚೆ ಬರ್ಬಹುದು, ಡ್ರೈವರ್ ಕಾಲು ಇರೋದು ಅಲ್ಲೇ ಹತ್ರ. ಅವತ್ತು ರಾತ್ರಿ ನಮ್ಮಲ್ಲಿ ಯಾರಿಗೂ ಊಟ ಸೇರ್ಲಿಲ್ಲ. ಅವ್ರಿಗೆ ಎಲ್ಲಾ ಹೊಸದಾಗಿ ಹಾಕಿಕೊಟ್ವಿ, ದುಡ್ಡು ತಗೊಳ್ಲಿಲ್ಲ.

ಈಗ ಪಾರ್ಟ್ಸ್ ಹೇಗೆ ಆರಿಸ್ತೀವಿ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀವಿ, ಯಾಕಂದ್ರೆ ಬಹಳ ಜನ ಬೆಂಗಳೂರಿನ ಜೆ.ಸಿ. ರೋಡಿನ ಪಾರ್ಟ್ಸ್ ಅಂಗಡಿಗೆ ಹೋಗಿ ಗಾಡಿ ಹೆಸರು ಹೇಳಿ ಒಂದು ಡಬ್ಬಿ ತಗೊಂಡು ಬಂದು "ಇದನ್ನ ಹಾಕಿ ಸಾಕು" ಅಂತಾರೆ. ಕ್ಲಚ್ ಅಂದ್ರೆ ಎರಡು ಮನೆತನ ಸೇರೋ ಜಾಗ. ಫ್ಲೈವೀಲ್ ಎಂಜಿನ್ ಕಡೇದು: ಕ್ರ್ಯಾಂಕಿನ ಬೋಲ್ಟ್ ತೂತುಗಳಿಗೆ ಅದು ಕೂರ್ಬೇಕು, ಅದರ ಅಂಚಿನ ಸುತ್ತ ಇರೋ ರಿಂಗ್ ಗೇರ್ ಹಲ್ಲು ಸ್ಟಾರ್ಟರ್ ಮೋಟರಿಗೆ ಹೊಂದ್ಬೇಕು, ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಸೆನ್ಸಾರ್ ಓದೋ ಹಲ್ಲುಗಳೂ ಅದರ ಮೇಲೇ ಇರುತ್ತೆ, ಅದು ಬೇರೆ ಆದ್ರೆ ಗಾಡಿ ಸ್ಟಾರ್ಟೇ ಆಗಲ್ಲ. ಕ್ಲಚ್ ಪ್ಲೇಟಿನ ಹೊರಗಿನ ಅಳತೆ ಫ್ಲೈವೀಲಿಗೆ ಮತ್ತು ಪ್ರೆಶರ್ ಪ್ಲೇಟಿಗೆ ಸರಿ ಇರ್ಬೇಕು, ಆದ್ರೆ ನಡುವಿನ ಸ್ಪ್ಲೈನ್ ಹಲ್ಲು, ಅಂದ್ರೆ ಗೇರ್‌ಬಾಕ್ಸ್ ಶಾಫ್ಟು ತೂರೋ ತೂತಿನ ಒಳಗಿನ ಹಲ್ಲು, ಪೂರ್ತಿ ಗೇರ್‌ಬಾಕ್ಸ್ ಕಡೇದು. ರಿಲೀಸ್ ಬೇರಿಂಗ್ ಗೇರ್‌ಬಾಕ್ಸಲ್ಲಿ ಕೂರುತ್ತೆ, ಒತ್ತೋದು ಮಾತ್ರ ಪ್ರೆಶರ್ ಪ್ಲೇಟಿನ ಬೆರಳುಗಳನ್ನ. ಇದ್ರಲ್ಲಿ ಒಂದು ಬೇರೆ ಬಂದ್ರೂ ಕ್ಲಚ್ ಪೂರ್ತಿ ಬಿಡಲ್ಲ, ಇಲ್ಲಾಂದ್ರೆ ಪೂರ್ತಿ ಹಿಡಿಯಲ್ಲ.

ನಿಮ್ಮ ಗಾಡಿಯ ಅದೇ ಎಂಜಿನ್ನಿಗೆ ಕಂಪನಿಯಿಂದಲೇ ಮ್ಯಾನುಯಲ್ ಮಾಡೆಲ್ ಬಂದಿದ್ರೆ ಕೆಲಸ ಅರ್ಧ ಸುಲಭ. ಹಳೇ ಝೆನ್, ಎಸ್ಟೀಮ್, ಸ್ಯಾಂಟ್ರೋ ಆಟೋಮ್ಯಾಟಿಕ್‌ಗಳು ಹಂಗೇ, ಆ ಮ್ಯಾನುಯಲ್ ಗಾಡಿಯ ಫ್ಲೈವೀಲು, ಸೆಟ್ಟು, ಗೇರ್‌ಬಾಕ್ಸು, ಪೆಡಲ್ ಬಾಕ್ಸು ಎಲ್ಲಾ ಒಂದೇ ಮೂಲದಿಂದ ತಗೊಂಡ್ರೆ ಹೊಂದಾಣಿಕೆಯ ತಲೆನೋವು ಕಮ್ಮಿ. ಹಂಗಂತ ಕಣ್ಣು ಮುಚ್ಚಿ ಹಾಕಕ್ಕಾಗಲ್ಲ, ಒಂದೇ ಹೆಸರಿನ ಗಾಡೀಲಿ ವರ್ಷ ಬದಲಾದ್ರೆ ಪ್ಲೇಟಿನ ಅಳತೆ ಬದಲಾಗಿರುತ್ತೆ. ಅದಕ್ಕೇ ಹೊಸ ಪ್ಲೇಟನ್ನ ಮೊದ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಕೈಯಲ್ಲೇ ತೂರಿಸಿ ನೋಡ್ತೀವಿ. ಬಲ ಹಾಕದೆ ಸರಾಗ ಜಾರ್ಬೇಕು, ಆದ್ರೆ ಗಡಗಡ ಅಲ್ಲಾಡಬಾರದು. ಆಮೇಲೆ ಅದನ್ನ ಫ್ಲೈವೀಲ್ ಮೇಲಿಟ್ಟು ಅದರ ನಡುವಿನ ದಪ್ಪ ಹಬ್ಬು ಫ್ಲೈವೀಲ್ ಬೋಲ್ಟಿನ ತಲೆಗಳಿಗೆ ತಾಗುತ್ತಾ ಅಂತ ನೋಡ್ತೀವಿ. ಸ್ಪ್ಲೈನಿಗೆ ಗ್ರೀಸ್ ಹಚ್ಚಿ, ಒಂದು ಸಲ ಪ್ಲೇಟ್ ತೂರಿಸಿ ತೆಗೆದು, ಉಕ್ಕಿ ಬಂದದ್ದನ್ನ ಬಟ್ಟೇಲಿ ಒರೆಸ್ತೀವಿ. ಜಾಸ್ತಿ ಗ್ರೀಸ್ ಇದ್ರೆ ತಿರುಗುವಾಗ ಪ್ಲೇಟಿಗೆ ಸಿಡಿಯುತ್ತೆ, ಆಮೇಲೆ ಫಸ್ಟ್ ಗೇರಲ್ಲಿ ಗಾಡಿ ನಡುಗುತ್ತೆ.

ಜೀಪಿನಂಥ ರಿಯರ್ ವೀಲ್ ಡ್ರೈವ್ ಗಾಡಿಯವರು ಒಂದು ವಿಷ್ಯ ಗಮನಿಸ್ಬೇಕು. ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕ್ರ್ಯಾಂಕಿನ ತುದೀಲಿರೋ ಪೈಲಟ್ ಬೇರಿಂಗಿನಲ್ಲೋ ಬುಷ್ಷಿನಲ್ಲೋ (ಶಾಫ್ಟಿನ ತುದಿಗೆ ಆಸರೆ ಕೊಡೋ ಬಳೆ) ಕೂರುತ್ತೆ. ಆಟೋಮ್ಯಾಟಿಕ್ ಎಂಜಿನ್ನಿನ ಕ್ರ್ಯಾಂಕಲ್ಲಿ ಆ ಬುಷ್ಷು ಇರಲ್ಲ, ಕೆಲವಕ್ಕೆ ಆ ತೂತನ್ನ ಸರಿಯಾದ ಅಳತೆಗೆ ಕೊರೆದೇ ಇರಲ್ಲ. ಇದು ಗೊತ್ತಾಗೋದು ಇಳಿಸಿದ ಮೇಲೆ, ಆದ್ರಿಂದ್ಲೇ ಫೋನಲ್ಲಿ ರೇಟು ಬೇಡ ಅಂತಿರೋದು. ಫ್ರಂಟ್ ವೀಲ್ ಡ್ರೈವ್ ಕಾರುಗಳಲ್ಲಿ ಬಹಳಷ್ಟಕ್ಕೆ ಈ ಬೇರಿಂಗೇ ಇಲ್ಲ.

ಫ್ಲೈವೀಲ್ ಮಾತ್ರ ಸೆಕೆಂಡ್‌ಹ್ಯಾಂಡ್ ತಗೋತೀವಿ, ಅದು ಗಟ್ಟಿ ಕಬ್ಬಿಣ, ಚೆನ್ನಾಗಿದ್ರೆ ಬಿಸಾಡೋ ವಸ್ತು ಅಲ್ಲ. ಆದ್ರೆ ತೊಳೆದು ನೋಡ್ದಾಗ ನೀಲಿ ಕಲೆ ಜಾಸ್ತಿ ಇದ್ರೆ, ಉಗುರಿಗೆ ಸಿಗೋ ಬಿರುಕು ಇದ್ರೆ ಬೇಡ. ಉಳಿದಿದ್ದು ಪೀಣ್ಯಕ್ಕೆ ಮುಖ ಸಮ ಮಾಡಿಸೋಕೆ, ಅಂದ್ರೆ ಫೇಸಿಂಗ್‌ಗೆ ಹೋಗುತ್ತೆ, ಎರಡು ದಿನ ಜಾಸ್ತಿ ಆಗೋದು ಇಲ್ಲೇ. ಕೆಲವು ಫ್ಲೈವೀಲ್‌ಗಳಲ್ಲಿ ಪ್ಲೇಟು ಉಜ್ಜೋ ಮುಖ ಒಂದು ಮಟ್ಟದಲ್ಲಿ, ಪ್ರೆಶರ್ ಪ್ಲೇಟ್ ಬಿಗಿಯೋ ಅಂಚು ಇನ್ನೊಂದು ಮಟ್ಟದಲ್ಲಿ ಇರುತ್ತೆ. ಮುಖದಿಂದ ಅರ್ಧ ಮಿಲಿಮೀಟರ್ ತೆಗೆದ್ರೆ ಅಂಚಿಂದಲೂ ಅಷ್ಟೇ ತೆಗೀಬೇಕು. ಬರೀ ಮುಖ ಹೊಡೆಸಿ ತಂದ್ರೆ ಪ್ಲೇಟಿನ ಮೇಲೆ ಬೀಳೋ ಒತ್ತಡ ಕಮ್ಮಿ ಆಗಿ ಹೊಸ ಕ್ಲಚ್ಚೇ ಸ್ಲಿಪ್ ಆಗುತ್ತೆ, ಆಮೇಲೆ ಎಲ್ಲರೂ ಬೈಯೋದು ಪ್ಲೇಟಿನ ಕಂಪನಿಗೆ.

ಹುಡುಗರು ಲೈಟ್‌ವೇಟ್ ಫ್ಲೈವೀಲ್, ಬಟನ್ ಕ್ಲಚ್ (ಪೂರ್ತಿ ಲೈನಿಂಗ್ ಬದಲು ಬಿಡಿ ಬಿಡಿ ತುಂಡು ಇರೋ ಪ್ಲೇಟು) ಕೇಳ್ತಾರೆ. ಅದು ಟ್ರ್ಯಾಕಲ್ಲಿ ಓಡೋ ಗಾಡಿಗೆ ಸರಿ. ಫ್ಲೈವೀಲಿನ ತೂಕವೇ ಗಾಡಿ ಹೊರಡುವಾಗ ಎಂಜಿನ್ ಆಫ್ ಆಗದಂಗೆ ತಡೆದು ಹಿಡಿಯೋದು. ಐದು ಜನ, ಡಿಕ್ಕಿ ತುಂಬ ಲಗೇಜು ಹಾಕ್ಕೊಂಡು ಚಾರ್ಮಾಡಿ ತಿರುವಲ್ಲಿ ನಿಲ್ಲಿಸಿ ಎತ್ತುವಾಗ ಹಗುರ ಫ್ಲೈವೀಲ್ ಇದ್ರೆ ಜಾಸ್ತಿ ಆಕ್ಸಿಲರೇಟರ್ ಕೊಟ್ಟು ಹಾಫ್ ಕ್ಲಚ್ಚಲ್ಲೇ ಎತ್ತಬೇಕು, ಪ್ಲೇಟ್ ಸುಡೋದು ಹಂಗೇನೇ. ಬಟನ್ ಪ್ಲೇಟು ತಟ್ಟನೆ ಹಿಡಿಯುತ್ತೆ, ಸಿಲ್ಕ್ ಬೋರ್ಡ್ ಟ್ರಾಫಿಕ್ಕಲ್ಲಿ ಇಂಚಿಂಚು ಸರಿಸೋಕೆ ಅದು ಆಗಲ್ಲ. ರೋಡ್ ಗಾಡಿಗಳಿಗೆ ಇನ್ಮೇಲೆ ಇವೆರಡನ್ನೂ ಹಾಕಿಕೊಡಲ್ಲ, ಬೇಜಾರಾಗ್ಬೇಡಿ. ಡೀಸೆಲ್ ಗಾಡಿಯಲ್ಲಿ ಎರಡು ಭಾಗದ, ನಡುವೆ ಸ್ಪ್ರಿಂಗ್ ಇರೋ ಡ್ಯುಯಲ್ ಮಾಸ್ ಫ್ಲೈವೀಲ್ ತೆಗೆದು ಗಟ್ಟಿ ಫ್ಲೈವೀಲ್ ಹಾಕ್ಸೋರಿಗೆ ಹಾಕಿಕೊಡ್ತೀವಿ, ಆದ್ರೆ ಅದರ ಜೊತೆ ಸ್ಪ್ರಿಂಗ್ ಇರೋ ಪ್ಲೇಟೇ ಬೇಕು, ಮತ್ತೆ ನ್ಯೂಟ್ರಲಲ್ಲಿ ಗೇರ್‌ಬಾಕ್ಸ್ ಗೊರಗೊರ ಅನ್ನೋದನ್ನ ಸ್ವಲ್ಪ ಸಹಿಸ್ಕೋಬೇಕು.

ವೈರಿಂಗ್ ಕೆಲಸ, ಅಂದ್ರೆ ಪಾರ್ಕ್, ನ್ಯೂಟ್ರಲ್ ಗುರುತಿನ ಪಿ, ಎನ್‌ನಲ್ಲಿ ಮಾತ್ರ ಸ್ಟಾರ್ಟ್ ಆಗೋ ಸ್ವಿಚ್ಚನ್ನ ಕ್ಲಚ್ ಪೆಡಲಿಗೆ ತರೋದು, ರಿವರ್ಸ್ ಲೈಟು, ಇವೆಲ್ಲ ಮೊದಲಿನ ಹಾಗೇ ನಮ್ಮಲ್ಲೇ. ಎಂಜಿನ್ನೂ ಬದಲಾಯಿಸೋರು ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಟಿಒ ಅನುಮತಿ ಮೊದ್ಲು ತಗೊಂಡು ಬನ್ನಿ. ಬರೀ ಗೇರ್‌ಬಾಕ್ಸ್ ಆದ್ರೂ ಆರ್‌ಟಿಒದಲ್ಲಿ ಒಂದು ಮಾತು ಕೇಳಿ, ಇನ್ಶೂರೆನ್ಸ್‌ನವರಿಗೆ ಬರೆದು ತಿಳಿಸಿ.

ಈ ತಿಂಗಳ ಒಳಗೆ ಅಡ್ವಾನ್ಸ್ ಕೊಟ್ಟಿರೋರಿಗೆ ಹಳೇ ರೇಟೇ, ಕೆಲಸ ಮಾತ್ರ ಹೊಸ ಪದ್ಧತೀಲಿ. ಇನ್ನು ಹಿಂದೆ ನಮ್ಮ ಹತ್ರ ಕನ್ವರ್ಷನ್ ಮಾಡಿಸ್ಕೊಂಡಿರೋ ಪ್ರತಿಯೊಬ್ಬರೂ ದಯವಿಟ್ಟು ಒಂದು ಸಲ ಗಾಡಿ ತನ್ನಿ, ಸದ್ದು ಇರ್ಲಿ ಇಲ್ದಿರ್ಲಿ. ಗೇರ್‌ಬಾಕ್ಸ್ ಇಳಿಸಿ ಬೋಲ್ಟು ನೋಡಿ, ಬದಲಾಯಿಸಿ, ಮತ್ತೆ ಕೂರಿಸಿಕೊಡ್ತೀವಿ, ಲೇಬರ್ ಇಲ್ಲ, ಬೋಲ್ಟಿಗೂ ದುಡ್ಡಿಲ್ಲ. ದಿನಕ್ಕೆ ಒಂದೇ ಗಾಡಿ ಆಗೋದ್ರಿಂದ ಮೊದ್ಲೇ ಫೋನ್ ಮಾಡಿ ದಿನ ಗೊತ್ತು ಮಾಡ್ಕೊಳ್ಳಿ. ಘಾಟಿ ಕಡೆ ಓಡಾಡೋರಿಗೆ ಮೊದಲ ಸರದಿ. ನಿಂತಾಗ ಟಕ್ ಟಕ್ ಸದ್ದು ಬರ್ತಿದ್ರೆ ಓಡಿಸ್ಕೊಂಡು ಬರ್ಬೇಡಿ, ಎಲ್ಲಿದೀರಾ ಹೇಳಿ, ನಾವೇ ಗಾಡಿ ಕಳಿಸಿ ಎತ್ತಿಸ್ಕೊಂಡು ಬರ್ತೀವಿ.

ಇಂತಿ,
ನಿಮ್ಮ ಗ್ಯಾರೇಜಿನವರು