ಅವ ಬೇರೆ, ಇವ ಬೇರೆ

ದೋಸ್ತಾ,

ಮೊನ್ನೆ ನೀನು ಕಳಿಸಿದ ವಾಟ್ಸಾಪ್ ಚಿತ್ರ ನೋಡಿದೆ. ಬಸವಣ್ಣನವರ ಕೆಳಗೆ ‘ದೇವನೊಬ್ಬ ನಾಮ ಹಲವು’ ಅಂತ ದಪ್ಪಕ್ಷರ, ಸುತ್ತ ಓಂ, ಶಿಲುಬೆ, ಅರ್ಧಚಂದ್ರ. ‘ದಾರಿ ಹಲವು, ಊರು ಒಂದೇ ಅಲ್ವಾ?’ ಅಂತ ಕೇಳಿದ್ದೀಯ. ಒಂದು ಹೆಬ್ಬೆಟ್ಟು ಒತ್ತಿ ಸುಮ್ನಿರಬಹುದಿತ್ತು, ಆಗಲಿಲ್ಲ.

ಮೊದಲು ಆ ವಚನ. ಚಿತ್ರದಲ್ಲಿರುವುದು ಅದರ ತಲೆ ಮಾತ್ರ. ಮುಂದಕ್ಕೆ ಓದು: ಪತಿವ್ರತೆಗೆ ಗಂಡನೊಬ್ಬ, ಮತ್ತೊಂದಕ್ಕೆ ಎರಗಿದರೆ ಕಿವಿ ಮೂಗು ಕೊಯ್ಯುತ್ತಾನೆ ಅಂತಿದೆ. ಕೊನೆಗೆ ಹಲವು ದೈವದ ಎಂಜಲು ತಿನ್ನುವವರಿಗೆ ಬೈಗುಳ. ಎಲ್ಲರಿಗೂ ಕೈ ಮುಗಿ ಅನ್ನುವ ಮಾತು ಇದಲ್ಲ, ಒಬ್ಬನನ್ನೇ ಹಿಡಿ ಅನ್ನುವ ಮಾತು. ನಾವು ನಮಗೆ ಬೇಕಾದಷ್ಟು ಕತ್ತರಿಸಿಕೊಂಡಿದ್ದೇವೆ.

ಕಾಲೇಜು ಟೂರಿನಲ್ಲಿ ಶ್ರವಣಬೆಳಗೊಳಕ್ಕೆ ಹೋಗಿದ್ದು ನೆನಪಿದೆಯಾ? ಭಂಡಾರಿ ಬಸದಿಯಲ್ಲಿ ವಿಜಯನಗರದ ಬುಕ್ಕರಾಯನ 1368ರ ಶಾಸನವಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹತ್ತಿ ರಾಜನವರೆಗೆ ಹೋಗಿತ್ತು. ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಭಾಷಣದಲ್ಲಿ ಇಷ್ಟೇ ಹೇಳುತ್ತಾರೆ. ನನಗೆ ಜಾಸ್ತಿ ಇಷ್ಟ ಆಮೇಲಿನ ಲೆಕ್ಕ. ಜೈನರ ಪಂಚಮಹಾವಾದ್ಯ, ಕಲಶದ ಹಕ್ಕು ಉಳಿಯಿತು. ಜೈನರ ಒಂದೊಂದು ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡಬೇಕು, ಮಿಕ್ಕಿದ್ದರಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಇದನ್ನು ನಡೆಸುವ ಹೊಣೆ ತಿರುಮಲೆಯ ವೈಷ್ಣವ ಹಿರಿಯನದು! ಜಗತ್ತನ್ನು ಸೃಷ್ಟಿಸಿದ ದೇವರು ಒಬ್ಬನಿದ್ದಾನೆ ಅಂತ ಜೈನರು ಒಪ್ಪುವುದೇ ಇಲ್ಲ. ಒಂದೇ ಊರಿಗೆ ಹೊರಟವರು ಅಂತ ಅವರಿಬ್ಬರನ್ನು ಹೇಗೆ ಅನ್ನುವುದು?

ಇನ್ನು ನಮ್ಮೂರು. ನಮ್ಮ ಕಡೆ ಮೊಹರಂ ಅಂದರೆ ಊರಹಬ್ಬ ಅಂತ ನಿನಗೆ ಹೇಳಿದ್ದೆ. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು, ಅಂದರೆ ಮೊಹರಂನಲ್ಲಿ ಕೂಡಿಸುವ ಪಂಜಾಗಳು, ಕೂಡುತ್ತವೆ. ಮಸೂತಿ ಮುಂದೆ ಬೆಂಕಿಗೆ ಕುಣಿ ತೋಡುತ್ತಾರೆ, ಹಲಗೆ ಬಡಿಯುತ್ತಾರೆ, ಬೆಂಕಿ ಸುತ್ತ ಹೆಜ್ಜೆ ಹಾಕುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರು ಸತ್ತ ದುಃಖದ ಪದಗಳನ್ನು ನಮ್ಮವರು ಕನ್ನಡದಲ್ಲಿ ಹಾಡುತ್ತಾರೆ. ಚಿಕ್ಕವನಿದ್ದಾಗ ಜ್ವರ ಬಿಡಲಿಲ್ಲ ಅಂತ ಹರಕೆ ಹೊತ್ತು ನನ್ನನ್ನೂ ಮೊಹರಂ ಫಕೀರ ಮಾಡಿದ್ದರು. ಕೊರಳಲ್ಲಿ ಕೆಂಪು ಲಾಡಿ, ಕೈಯಲ್ಲಿ ಜೋಳಿಗೆ, ಐದು ಮನೆ ಭಿಕ್ಷೆ. ನಾಚಿಕೆಯಿಂದ ಸತ್ತೇ ಹೋಗಿದ್ದೆ.

ನಮ್ಮ ಆಯಿಯನ್ನು, ಅಂದರೆ ಅಜ್ಜಿಯನ್ನು, ನೀನು ನೋಡಿಲ್ಲ. ಸ್ನಾನ ಮಾಡಿ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆ ಮಾಡದೆ ನೀರೂ ಕುಡಿಯುತ್ತಿರಲಿಲ್ಲ. ಅದೇ ವಿಭೂತಿ ಹಚ್ಚಿದ ಹಣೆಯಲ್ಲೇ ಸಕ್ಕರೆ, ಊದು, ಮೊಹರಂನ ಸಿಹಿ ತಿನಿಸು ಚೊಂಗೆ ಹಿಡಿದು ಮಸೂತಿಗೆ ಹೊರಡುತ್ತಿದ್ದಳು. ಪಕ್ಕದೂರಿನಿಂದ ಬಂದ ಮುಲ್ಲಾ ಸಕ್ಕರೆ ಮೇಲೆ ಪ್ರಾರ್ಥನೆ ಓದಿ ಕೊಟ್ಟರೆ, ಸೆರಗಿನಲ್ಲಿ ಗಂಟು ಕಟ್ಟಿ ತರುತ್ತಿದ್ದಳು. ಊದಿನ ವಾಸನೆ ಹಿಡಿದ ಆ ಸಕ್ಕರೆಗೆ ನಾವು ಹುಡುಗರು ಕಿತ್ತಾಡುತ್ತಿದ್ದೆವು. ಶಾಲೆಯಲ್ಲಿ ‘ದೇವರೆಲ್ಲ ಒಂದೇ’ ಅಂತ ಕಲಿತು ಬಂದ ದಿನ ಆಯಿಗೆ ಕೇಳಿದೆ, ಅಲಾಯಿ ದೇವರೂ ಬಸವಣ್ಣನೂ ಒಬ್ಬನೇ ಏನು ಅಂತ. ಒಲೆ ಊದುತ್ತಿದ್ದವಳು ತಿರುಗಿ ನೋಡಿದಳು. “ಹ್ಯಾಂಗ ಒಬ್ರಾಗ್ತಾರೋ? ಅವ ಬ್ಯಾರೆ, ಇವ ಬ್ಯಾರೆ. ಇಬ್ರೂ ನಮ್ಮೂರಾಗ ಅದಾರ, ಇಬ್ರನ್ನೂ ನಾವ ನೋಡ್ಕೋಬೇಕು.”

ನಾನಂತೂ ಈಗ ಆಯಿಯ ಕಡೆ. ಒಂದೇ ಅಂದಾಗ ನಾವು ಎಷ್ಟೋ ಸಲ ‘ನಿನ್ನ ದೇವರೂ ನನ್ನವನೇ’ ಅಂತ ಎದುರಿನವನ ದೇವರನ್ನು ಜೇಬಿಗೆ ಹಾಕಿಕೊಳ್ಳುತ್ತೇವೆ. ಆಫೀಸಿನಲ್ಲಿ ಒಬ್ಬ ಮುಸ್ಲಿಂ ಗೆಳೆಯನಿಗೆ ನಾನೂ ಹಾಗೇ ಅಂದಿದ್ದೆ. ಅವನು ನಕ್ಕು, “ನೀವು ಎಲ್ಲ ಒಂದೇ ಅಂತೀರಿ, ನಾವು ಒಬ್ಬನೇ ಅಂತೀವಿ. ಅದೇ ಬೇರೆ ಮಾತು ಸಾರ್” ಅಂದ. ಆಮೇಲೆ ಎಂದಿನಂತೆ ಇಬ್ಬರೂ ಚಹಾಕ್ಕೆ ಹೋದೆವು. ಅಲಾಯಿ ಕೂಡಿಸೋದು ಅವನಿಗೆ ಒಪ್ಪಿಗೆ ಇಲ್ಲ, ಅದು ಬೇರೆ ಕತೆ.

ದೇವರು ಒಬ್ಬನೋ ಹತ್ತೋ, ನನಗೆ ಗೊತ್ತಿಲ್ಲ ಮಾರಾಯ. ಈ ಸಲ ಕುಣಿಗೆ ಗುದ್ದಲಿ ಬಿದ್ದ ಕೂಡಲೇ ಫೋನ್ ಮಾಡುತ್ತೇನೆ, ಬಂದುಬಿಡು. ಚೊಂಗೆ ಮಾಡೋಕೆ ಈಗ ಅವ್ವ ಇದ್ದಾಳೆ. ಆಯಿ ಮಾಡುತ್ತಿದ್ದಷ್ಟು ಗರಿಗರಿ ಬರುವುದಿಲ್ಲ, ಅವಳ ಮುಂದೆ ಅನ್ನಬೇಡ.

ನಿನ್ನ ದೋಸ್ತ