ಪಾವಗಡ ಸೌರ ಪಾರ್ಕ್ ಮನವಿ: ಸಹಿ ಸಂಗ್ರಹಿಸುವ ಸದಸ್ಯರಿಗೆ ಸೂಚನೆ

ಎಲ್ಲ ಸದಸ್ಯರಿಗೆ ನಮಸ್ಕಾರ. ಸೌರ ಪಾರ್ಕಿನಿಂದ ಕೂಲಿ ಕಳೆದುಕೊಂಡ ಭೂರಹಿತರ ಪರವಾದ ಈ ಮನವಿಗೆ ಗ್ರಾಮಸಭೆಗೆ ಮೊದಲು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸುವವರು, ನಾವು ಸೌರ ವಿದ್ಯುತ್ತಿನ ವಿರೋಧಿಗಳಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ತಿರುಮಣಿ, ವಳ್ಳೂರು ಸುತ್ತಿನ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕಿಗಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆಯೊಡನೆ ಗುತ್ತಿಗೆಗೆ ಪಡೆದದ್ದು, ಮೇಲಿಂದ ಮೇಲೆ ಬರ ಕಂಡ ಈ ಸೀಮೆಯ ಭೂಮಾಲೀಕರಿಗೆ ನಿಜಕ್ಕೂ ಆಸರೆಯಾಯಿತು. ಆದರೆ ಅದೇ ಹೊಲಗಳಲ್ಲಿ ಶೇಂಗಾದ ಕಳೆ ಕೀಳುತ್ತ, ಕಾಯಿ ಬಿಡಿಸುತ್ತ ಕೂಲಿ ಕಾಣುತ್ತಿದ್ದ ಭೂರಹಿತ ಹೆಣ್ಣುಮಕ್ಕಳಿಗೂ ಕುರಿ ಮೇಯಿಸುವವರಿಗೂ ಆ ಹಣದಲ್ಲಿ ಪಾಲಿಲ್ಲ; ಪಹಣಿಯಲ್ಲಿ ಹೆಸರಿಲ್ಲದವರು ಲೆಕ್ಕಕ್ಕೇ ಬರಲಿಲ್ಲ.

ಆದ್ದರಿಂದ ಪಾರ್ಕಿನ ಸೌರ ಫಲಕ ತೊಳೆಯುವುದು, ಹುಲ್ಲು ಕೀಳುವುದು, ಕಾವಲು ಮುಂತಾದ ಕೆಲಸಗಳಲ್ಲಿ ಭೂರಹಿತ ಕುಟುಂಬಗಳಿಗೆ ಕನಿಷ್ಠ ವೇತನದೊಡನೆ ಆದ್ಯತೆ ಸಿಗಬೇಕು ಮತ್ತು ಸ್ಥಳೀಯ ಅಭಿವೃದ್ಧಿಗೆ ಮಾಡಿದ ಖರ್ಚಿನ ವಿವರವನ್ನು ಗ್ರಾಮಸಭೆಯ ಮುಂದಿಡಬೇಕು ಎಂಬುದೇ ನಮ್ಮ ಬೇಡಿಕೆ. (ಗುತ್ತಿಗೆ ದರ ಹೆಚ್ಚಿಸುವ ಮಾತನ್ನು ಇದರಲ್ಲಿ ಬೆರೆಸಬೇಡಿ, ಅದು ನ್ಯಾಯವೇ, ಆದರೆ ಅದಕ್ಕೆ ಬೇರೆ ಅರ್ಜಿ ಬೇಕು.) ಹೆಬ್ಬೆಟ್ಟು ಒತ್ತುವವರಿಗೆ ಮನವಿಯನ್ನು ಪೂರ್ತಿ ಓದಿ ಹೇಳಿದ ಮೇಲೆಯೇ ಒತ್ತಿಸಿಕೊಳ್ಳಬೇಕು. ಸಹಿಯಾದ ಹಾಳೆಗಳ ಚಿತ್ರವನ್ನು ಗುಂಪಿನಲ್ಲಿ ಹಾಕದೆ, ಹಾಳೆಗಳನ್ನೇ ನಿಮ್ಮ ಊರಿನ ಸಂಚಾಲಕರ ಕೈಗೆ ತಲುಪಿಸಬೇಕು.